ಮಾರಮ್ಮ ಚಿವುಟಿದ ಎಂಟು ಸಾಲು

ಕಾಮನ ಹುಣ್ಣಿಮೆಯ ಮಾರನೆಯ ದಿನ, ಸಂಜೆ ಡೈರಿಗೆ ಹಾಲು ಹಾಕಿ ಬರುವ ಹೊತ್ತು. ಇಸವಿ ತೊಂಬತ್ತೊಂಬತ್ತು. ರೇಷ್ಮೆ ಇಲಾಖೆಯ ಸರಸಮ್ಮ ಕೈಲಾಂಚದ ಕಡೆಯಿಂದ ಬಂದ ಬಸ್ಸಿಳಿದು, ಬಾಯಿಗೆ ಬಟ್ಟೆ ಕಟ್ಟಿದ ಎರಡು ಪ್ಲಾಸ್ಟಿಕ್ ಡಬ್ಬಿಗಳನ್ನು ಎದೆಗೆ ಅವುಚಿಕೊಂಡು ನಮ್ಮ ಹಿಪ್ಪುನೇರಳೆ ತೋಟಕ್ಕೆ ಬಂದರು.

ಬಾವಿಯ ಪಕ್ಕದ ಆ ಅರ್ಧ ಎಕರೆ ನನ್ನ ಹೆಂಡತಿ ಮಾರಮ್ಮನ ಕೈಯದು. ಮದುವೆಯಾಗಿ ಬಂದ ವರ್ಷವೇ ಅವಳು ಕಡ್ಡಿ ಊರಿದ್ದಳು. ಪಹಣಿಯಲ್ಲಿ ನನ್ನ ಹೆಸರು, ತಮ್ಮ ಮುನಿರಾಮಯ್ಯನ ಹೆಸರು ಇದ್ದರೂ ಊರಿನವರ ಬಾಯಲ್ಲಿ ಅದು ಮಾರಮ್ಮನ ತೋಟ. ಎರಡು ವರ್ಷದಿಂದ ಅದಕ್ಕೆ ಹಿಟ್ಟು ತಿಗಣೆ ಹತ್ತಿತ್ತು. ಚಿಗುರೆಲ್ಲ ಮಗುವಿನ ಮುಷ್ಟಿಯ ಹಾಗೆ ಮುದುಡಿಕೊಂಡು, ಒಳಗೆ ಬೆಳ್ಳಗೆ ಹಿಟ್ಟು ಮೆತ್ತಿದಂತೆ ತಿಗಣೆ ಕೂತಿರುತ್ತಿತ್ತು. ಮುನಿರಾಮಯ್ಯ ಒಂದು ಸಲ ಔಷಧಿ ಹೊಡೆಸಿದ. ಆ ಸೊಪ್ಪು ತಿಂದ ರೇಷ್ಮೆ ಹುಳ, ಪೊರೆ ಬಿಡಲು ಜ್ವರಕ್ಕೆ ಕೂತದ್ದು, ತಿರುಗಿ ಏಳಲೇ ಇಲ್ಲ. ಅಂದಿನಿಂದ ಅವನಿಗೆ ತೋಟದ ಮೇಲಿನ ಮನಸ್ಸೇ ಹೋಯಿತು. ಬೇರೆ ಮನೆಯಲ್ಲಿದ್ದರೂ ಜಮೀನಿನ ವ್ಯವಹಾರವೆಲ್ಲ ಅವನದೇ. ಹೊಸತೊಡಕಿನ ಮಾರನೆಯ ದಿನ ಶನಿವಾರ ಟ್ರ್ಯಾಕ್ಟರ್ ತರಿಸಿ ಗಿಡದ ಬುಡ ಕೀಳಿಸುವುದು, ಆಮೇಲೆ ತೆಂಗು ಇಡುವುದು ಎಂದು ಗೊತ್ತುಮಾಡಿದ್ದ. ಮಾರಮ್ಮ ಆ ಮಾತು ಕೇಳಿದ ದಿನ ಉಣ್ಣಲಿಲ್ಲ. ಸರಸಮ್ಮನವರನ್ನು ಹುಡುಕಿಕೊಂಡು ಹೋದವಳು ಅವಳೇ.

ಸರಸಮ್ಮ ಡಬ್ಬಿಯ ಬಟ್ಟೆ ಬಿಚ್ಚಿದರು. ಒಳಗೆ ಮೆಣಸಿನ ಕಾಳಿನಷ್ಟು ಕಪ್ಪು ಹುಳಗಳು, ತಲೆ ಮಾತ್ರ ಕಿತ್ತಳೆ ಬಣ್ಣ.

"ಇವು ಗುಲಗಂಜಿ ಹುಳದ ಜಾತಿ, ಮಾರಮ್ಮ. ತಿಗಣೆ ತಿಂತವೆ, ಸೊಪ್ಪು ಮುಟ್ಟಲ್ಲ. ಇಲ್ಲೇ ಮೊಟ್ಟೆ ಇಟ್ಟು ಮರಿ ಮಾಡ್ತವೆ. ಒಂದೇ ಮಾತು, ಔಷಧಿ ಹೊಡೀಬಾರ್ದು. ಪಕ್ಕದ ತೋಟದೋರೂ ಹೊಡೀಬಾರ್ದು."

ಪಕ್ಕದ ತೋಟದ ಬಸವಯ್ಯ ಬದುವಿನ ಮೇಲೆ ನಿಂತು ಬೀಡಿ ಸೇದುತ್ತಿದ್ದ. "ಮಾರಮ್ಮನ ತೋಟಕ್ಕೆ ನೆಂಟ್ರು ಬಂದವ್ರೆ, ನಾನ್ಯಾಕೆ ವಿಷ ಇಕ್ಕಲಿ. ಹೊಸತೊಡಕು ಗಂಟ ಪಂಪು ಮುಟ್ಟಲ್ಲ. ಆಮೇಲೆ ನನ್ನ ಕೇಳ್ಬೇಡಿ ಮೇಡಮ್ಮೋರೆ" ಎಂದ.

ಸರಸಮ್ಮ ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ವಾಪಸು ಹೋಗುವ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು. ಸೀರೆ ಎತ್ತಿ ಹಿಡಿದುಕೊಂಡು ಓಡಿದರು.

ಯುಗಾದಿವರೆಗೆ ನಾನು ದಿನಾ ಸಂಜೆ ತೋಟದಲ್ಲಿ ಒಂದು ಸುತ್ತು ಹಾಕುತ್ತಿದ್ದೆ. ಮೊದಮೊದಲು ಕಪ್ಪು ಹುಳ ಅಲ್ಲೊಂದು ಇಲ್ಲೊಂದು ಕಾಣುತ್ತಿತ್ತು, ಆಮೇಲೆ ಅದೂ ಕಡಿಮೆಯಾಯಿತು. ನಾನು ಯಾರಿಗೂ ಹೇಳಲಿಲ್ಲ. ಮಾರಮ್ಮನೂ ನೋಡಿದ್ದಳಂತೆ, ಅವಳೂ ಹೇಳಲಿಲ್ಲ.

ನಮ್ಮ ಕಡೆ ಯುಗಾದಿಯ ದಿನ ಸಿಹಿ, ಮಾರನೆಯ ದಿನ ಹೊಸತೊಡಕು, ಬಾಡೂಟ. ಹತ್ತು ಮನೆಯವರು ಸೇರಿ ಆಡು ತಂದು ಕೊಯ್ದು, ಮುತ್ತುಗದ ಎಲೆಯ ಮೇಲೆ ಗುಡ್ಡೆ ಹಾಕಿ ಹಂಚಿಕೊಳ್ಳುತ್ತೇವೆ. ಅವತ್ತು ಬೆಳಗ್ಗೆ ನಾನು ಗುಡ್ಡೆ ಬಾಡಿಗೆ ಹೋಗಿದ್ದೆ. ಆಡಿನ ಲಿವರ್ ಯಾರ ಪಾಲಿಗೆ ಎಷ್ಟು ಎಂದು ಮಾತಿಗೆ ಮಾತು ಬೆಳೆದು ತಡವಾಯಿತು. ಎಲೆಯ ಕಟ್ಟು ಹಿಡಿದುಕೊಂಡು ಮನೆಗೆ ಬಂದರೆ ಒಲೆ ತಣ್ಣಗಿತ್ತು. ಮಾರಮ್ಮ ತೋಟದಲ್ಲಿದ್ದಳು.

ತಿಗಣೆ ಹತ್ತಿದ ಚಿಗುರನ್ನು ಚಿವುಟಿ ಸೋಪಿನ ನೀರಿಗೆ ಹಾಕುವುದು ನಮ್ಮಲ್ಲಿ ಹಳೆಯ ಪದ್ಧತಿ. ಅದರಲ್ಲಿ ಮಾರಮ್ಮನ ಕೈಯಷ್ಟು ಚುರುಕು ಇನ್ನೊಬ್ಬರದಿಲ್ಲ. ನಾನು ಹೋಗುವ ಹೊತ್ತಿಗೆ ಎಂಟು ಸಾಲು ಮುಗಿಸಿ ಒಂಬತ್ತಕ್ಕೆ ಕೈ ಹಾಕಿದ್ದಳು. ಬಾವಿಯ ಕಟ್ಟೆಯ ಹತ್ತಿರ ಬಾನಿ ತುಂಬ ಚಿಗುರು ತೇಲುತ್ತಿತ್ತು.

"ಆ ಸರಸಮ್ಮ ತಂದು ಬುಟ್ಟಿದ್ದು ಔಷಧಿ ಅಲ್ಲ, ತಿಗಣೆಗೆ ಬಾಣಂತನ" ಎಂದಳು ತಲೆ ಎತ್ತದೆ. "ಬಂದು ನೋಡಿ. ಎಲ್ಡರಷ್ಟು ದಪ್ಪ ಆಗವೆ. ಮೈಮೇಲೆಲ್ಲ ಬಿಳೀ ದಾರ ಬುಟ್ಕೊಂಡವೆ. ಮುನಿರಾಮ ನಾಳೆ ಬಂದು ನಗೋಕ್ ಮುಂಚೆ ನಾನೇ ಕಿತ್ತಾಕ್ತೀನಿ."

ನಾನು ಬದುವಿನ ಮೇಲೆ ಕೂತು ಒಂದು ಚಿಗುರು ಕೈಗೆ ತೆಗೆದುಕೊಂಡೆ. ಅವಳು ಹೇಳಿದ್ದು ನಿಜವೇ. ಬೆಳ್ಳಗೆ, ಜೂಲುಜೂಲಾಗಿ, ತಿಗಣೆಗಿಂತ ದಪ್ಪ. ಆದರೆ ತಿಗಣೆ ಕೂತಲ್ಲೇ ಕೂತಿರುವ ಜೀವ. ಇದು ನಡೆಯುತ್ತಿತ್ತು. ಚುರುಕಾಗಿ ನಡೆದು, ಮುದುಡಿದ ಎಲೆಯೊಳಗೆ ನುಗ್ಗಿ, ಒಂದು ತಿಗಣೆಯ ಪಕ್ಕಕ್ಕೆ ಬಾಯಿ ಇಟ್ಟಿತು. ಆ ತಿಗಣೆ ನೋಡನೋಡುತ್ತ ಚಪ್ಪಟೆಯಾಯಿತು. ಅದು ಇನ್ನೊಂದಕ್ಕೆ ಹೋಯಿತು.

"ಹಬ್ಬದ ಬಾಡು ತೊಡೆ ಮೇಲಿಟ್ಕೊಂಡು ಹುಳ ನೋಡ್ತಾ ಕೂತವ್ರಲ್ಲ" ಎಂದಳು ಮಾರಮ್ಮ. "ನಾಯಿ ಎಳ್ಕೊಂಡೋದಾಗ ಗೊತ್ತಾಯ್ತದೆ."

"ಒಸಿ ಕೈ ನಿಲ್ಲಿಸು, ಮಾರಿ. ಇವು ಮರಿಗಳು ಕಣೆ."

"ಯಾವುದರ ಮರಿ?"

"ನಿನ್ನ ಕಪ್ಪು ಹುಳದ್ದು."

ಅವಳು ಬಂದು ಪಕ್ಕದಲ್ಲಿ ಕೂತು, ಚಿಗುರು ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದಳು. ಅತ್ತಿತ್ತ ತಿರುಗಿಸಿ ನೋಡಿದಳು. ಆಮೇಲೆ ಎದ್ದು ಬಾನಿಯ ಹತ್ತಿರ ಹೋಗಿ, ತೇಲುತ್ತಿದ್ದ ಚಿಗುರುಗಳನ್ನು ಒಂದೊಂದಾಗಿ ತೆಗೆದು ಕಟ್ಟೆಯ ಕಲ್ಲಿನ ಮೇಲೆ ಹರವಿದಳು. ಮೇಲುಮೇಲೆ ಇದ್ದ ಕೆಲವು ಮರಿಗಳು ಅಲುಗಾಡಿದವು. ಅಡಿಗೆ ಹೋದವು ಹೋದವು. ಬದುಕಿದವನ್ನು ಸೆರಗಿನಲ್ಲಿ ಕಟ್ಟಿಕೊಂಡು ದೂರದ ಸಾಲಿಗೆ ಬಿಟ್ಟುಬಂದಳು.

ಅವತ್ತು ಮಧ್ಯಾಹ್ನ ಊಟಕ್ಕೆ ಮುನಿರಾಮಯ್ಯ ನಮ್ಮ ಮನೆಗೇ ಬಂದ. ಬಸವಯ್ಯನೂ ಬಂದಿದ್ದ. ಮುದ್ದೆ ಇಕ್ಕುತ್ತ ಮಾರಮ್ಮ ಎಲ್ಲ ಹೇಳಿದಳು. ನಾನಾಗಿದ್ದರೆ ಆ ಎಂಟು ಸಾಲಿನ ಮಾತು ಮುಚ್ಚಿಡುತ್ತಿದ್ದೆನೇನೋ. ಅವಳು ಮುಚ್ಚಿಡಲಿಲ್ಲ.

"ಅತ್ಗೆ, ಕೋಳಿ ತಂದು ಸಾಕಿ ಮರಿ ಕೊಂದಂಗಾಯ್ತು" ಎಂದ ಮುನಿರಾಮಯ್ಯ.

"ಕೊಂದೋಳು ನಾನು. ತೋಟ ಏನು ತಪ್ಪು ಮಾಡ್ತು? ಒಂದು ತಿಂಗಳು ಟ್ರ್ಯಾಕ್ಟರ್ ಬ್ಯಾಡ ಅನ್ನು."

"ಎಂಟು ಸಾಲು ಕಿತ್ತಾಕಿದ್ಮೇಲೆ ಉಳಿದೋವು ಏನ್ ಮಾಡಾವು?"

ಬಸವಯ್ಯ ಮೂಳೆ ಚೀಪುತ್ತ ಹೇಳಿದ: "ಲೇ ಮುನಿರಾಮ, ಅದೇ ಒಳ್ಳೇದು ಕಣ್ಲಾ. ಎಂಟು ಸಾಲಲ್ಲಿ ಹುಳ ಇಲ್ಲ, ಮಿಕ್ಕಿದ್ರಲ್ಲಿ ಐತೆ. ಒಂದು ತಿಂಗಳು ಬುಟ್ಟು ನೋಡಿದ್ರೆ ಹುಳದ ಕೆಲ್ಸವೋ ದೇವರ ಕೆಲ್ಸವೋ ಗೊತ್ತಾಯ್ತದೆ. ನಾನೂ ಪಂಪು ಮೂಲೆಗೇ ಬುಡ್ತೀನಿ."

ಮುನಿರಾಮಯ್ಯ ಇನ್ನೊಂದು ಸೌಟು ಸಾರು ಬಿಡಿಸಿಕೊಂಡ. ಶನಿವಾರ ಟ್ರ್ಯಾಕ್ಟರ್ ಬರಲಿಲ್ಲ.

ಮೊದಲ ಮಳೆ ಬಿದ್ದ ಮೇಲೆ ತೋಟಕ್ಕೆ ಬಂದ ಯಾರಿಗೂ ಕೈ ಮಾಡಿ ತೋರಿಸಬೇಕಾಗಿರಲಿಲ್ಲ. ಬಾವಿ ಕಡೆಯ ಎಂಟು ಸಾಲು ತಿರುಗಿ ಚಿಗುರಿ, ತಿರುಗಿ ಮುದುಡಿಕೊಂಡಿತ್ತು. ಉಳಿದದ್ದು ಹಸ್ತ ಬಿಚ್ಚಿದ ಹಾಗೆ ಅಗಲಗಲ ಎಲೆ ಬಿಟ್ಟು ನಿಂತಿತ್ತು. ಮುನಿರಾಮಯ್ಯ ಆ ಗಡಿಯಲ್ಲಿ ನಿಂತು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ನೋಡಿದ. "ತೆಂಗು ಬದುವಿಗೆ ನಾಕು ಇಡನ ಬುಡು ಅಣ್ಣ" ಎಂದ. ಅಷ್ಟೇ. ಮಾರಮ್ಮ ಬಾವಿಯ ಹತ್ತಿರ ಹಗ್ಗ ಸುತ್ತುತ್ತಿದ್ದಳು, ಕೇಳಿಸಿದರೂ ಕೇಳಿಸದವಳ ಹಾಗೆ ಇದ್ದಳು. ರಾತ್ರಿ ಎರಡು ಮುದ್ದೆ ಉಂಡಳು.

ಸರಸಮ್ಮ ಬಂದಾಗ ಅವರೇ ಮೊದಲು ತಪ್ಪೊಪ್ಪಿಕೊಂಡರು: "ಮರಿ ಹೆಂಗಿರ್ತವೆ ಅಂತ ಹೇಳದೇ ಓಡ್ಬುಟ್ಟೆ." ಬದುವಿನಲ್ಲಿ ಹೂ ಬಿಡುವಂಥದ್ದು ಏನಾದರೂ ಇರಲಿ, ಇಂಥ ಹುಳಗಳಿಗೆ ಆಸರೆ ಎಂದೂ ಹೇಳಿದರು. ನನಗೆ ನಮ್ಮಪ್ಪನ ಕಾಲದ ರಾಗಿ ಹೊಲ ನೆನಪಾಯಿತು. ಪ್ರತಿ ಎಂಟ್ಹತ್ತು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು, ಅದರಲ್ಲಿ ಅವರೆ, ಹುಚ್ಚೆಳ್ಳು. ಹಳದಿ ಹೂವಿನ ತುಂಬ ಜೇನುಹುಳದ ಸದ್ದು. ಟ್ರ್ಯಾಕ್ಟರ್ ಉಳುಮೆ ಬಂದ ಮೇಲೆ ಅಡ್ಡ ಆಗುತ್ತದೆ ಎಂದು ಬಿಟ್ಟಿದ್ದೆವು. ಆ ಮುಂಗಾರಿಗೆ ತಿರುಗಿ ಬಿತ್ತಿದೆವು. ಬಸವಯ್ಯ ಬೀಜ ಕೇಳಿಕೊಂಡು ಬಂದ.

ಎಂಟು ಸಾಲಿಗೂ ಹುಳ ಹರಡಿ, ಅದೂ ತಿಳಿಯಾಯಿತು. ತಿನ್ನಲು ಏನೂ ಉಳಿಯದಿದ್ದಾಗ ಕಪ್ಪು ಹುಳಗಳು ಒಂದೊಂದಾಗಿ ಬದು ದಾಟಿ ಬಸವಯ್ಯನ ತೋಟಕ್ಕೆ ಹಾರಿದವು. ಮಾರಮ್ಮ ದಿನಾ ನೋಡುತ್ತಿದ್ದಳು. ಕೊನೆಯದು ನಮ್ಮ ತೋಟ ಬಿಟ್ಟು ಹೋದದ್ದು ಮರುವರ್ಷ ಬಸವ ಜಯಂತಿ ಕಳೆದ ಗುರುವಾರ.