ಅರವತ್ತು ನಲ್ಲಿಗಳ ಲೆಕ್ಕ

ನಮ್ಮ ಕಸುಬು ನಿಂತಿರುವುದು ಒಂದೇ ಒಂದು ನಂಬಿಕೆಯ ಮೇಲೆ. ಕಟ್ಟಡದಲ್ಲಿರುವವರೆಲ್ಲ ಒಂದೇ ಸಲ ನಲ್ಲಿ ತಿರುಗಿಸುವುದಿಲ್ಲ. ಒಬ್ಬರು ಸ್ನಾನ ಮಾಡುವಾಗ ಇನ್ನೊಬ್ಬರು ಮಗ್ಗುಲು ಬದಲಿಸುತ್ತಿರುತ್ತಾರೆ, ಮತ್ತೊಬ್ಬರು ಕನ್ನಡಿಯ ಮುಂದೆ ತಲೆ ಬಾಚುತ್ತಿರುತ್ತಾರೆ. ಹಾಗಾಗಿ ಅರವತ್ತು ಬಚ್ಚಲುಮನೆಗೆ ಅರವತ್ತು ನಲ್ಲಿಯ ನೀರು ಹೊರುವ ಪೈಪು ಬೇಕಿಲ್ಲ. ಅದಕ್ಕೆಂದೇ ಒಂದು ಕೋಷ್ಟಕವಿದೆ, ಎಷ್ಟು ನಲ್ಲಿಗೆ ಎಷ್ಟು ನೀರು ಸಾಕೆಂದು ತೋರಿಸುವ ಒಂದು ರೇಖೆಯಿದೆ. ಅದನ್ನು ನೋಡಿ ಅರ್ಧದಷ್ಟು ನೀರಿಗೆ ಪೈಪು ಹಾಕಿದರೆ ಸಾಕು. ಇಪ್ಪತ್ತೊಂದು ವರ್ಷದಿಂದ ನಾನು ಮಾಡುತ್ತ ಬಂದಿರುವುದು ಇದನ್ನೇ, ದೊಡ್ಡ ಕಟ್ಟಡಗಳ ತಣ್ಣೀರಿನ ಪೈಪುಗಳಿಗೆ ಅಳತೆ ಹಾಕುವುದು. ಯಾರಾದರೂ ಏನು ಕೆಲಸ ಎಂದು ಕೇಳಿದರೆ ನಾನು ವಿವರಿಸಿ ಮುಗಿಸುವಷ್ಟರಲ್ಲಿ ಅವರು ಎರಡು ಸಲ ಆಕಳಿಸಿರುತ್ತಾರೆ.

ಆ ನಂಬಿಕೆಯ ಬುಡ ಅಲ್ಲಾಡಿಸಿದವಳು ನನ್ನ ತಂಗಿ. ಅದೂ ಬೆಳಿಗ್ಗೆ ತಿಂಡಿ ತಿನ್ನುತ್ತ, ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡು.

ತಂಗಿ ನರ್ಸ್. ಅವಳ ಆಸ್ಪತ್ರೆಯ ಪಕ್ಕದಲ್ಲಿ ತರಬೇತಿಯ ಹುಡುಗಿಯರಿಗಾಗಿ ಹತ್ತು ಮಹಡಿಯ ಹಾಸ್ಟೆಲ್ ಏಳುತ್ತಿದೆ. ಮುಂದಿನ ತಿಂಗಳಿನಿಂದ ಅವಳೇ ಅದರ ವಾರ್ಡನ್, ವಾಸವೂ ಅಲ್ಲೇ. ಆ ಕಟ್ಟಡದ ನೀರಿನ ಲೆಕ್ಕ ನನ್ನದು. ಅಕ್ಕ ಹಾಕಿದ ಪೈಪಿನ ನೀರಲ್ಲಿ ತಂಗಿ ಮೀಯುತ್ತಾಳೆ ಎಂದು ಅಮ್ಮ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

"ಹಾಸ್ಟೆಲ್ ಕಾಟ ನಿಂಗೇನು ಗೊತ್ತು ಅಕ್ಕ," ಎಂದಳು ತಂಗಿ. "ಏಳಕ್ಕೆ ಡ್ಯೂಟಿ. ಐದೂಮುಕ್ಕಾಲಿಗೆ ಬೆಲ್ಲು. ಬೆಲ್ ಹೊಡೆದಿದ್ದೇ ತಡ, ಎಲ್ಲಾ ಬಚ್ಚಲ ಬಾಗಿಲೂ ಧಡ್ ಧಡ್ ಅಂತ ಒಂದೇ ಸಲ ಹಾಕ್ಕೊಳ್ತವೆ. ಹತ್ತು ನಿಮಿಷದಲ್ಲಿ ಎಲ್ರ ಸ್ನಾನಾನೂ ಮುಗೀಬೇಕು. ತಡವಾದ್ರೆ ನನ್ನಂಥ ಗಯ್ಯಾಳಿ ವಾರ್ಡನ್ ಬಾಗಿಲು ಬಡೀತಾಳೆ."

ನಾನು ನಕ್ಕೆ. ನಗು ಅರ್ಧಕ್ಕೇ ನಿಂತಿತು.

ನಾನು ಆ ಹಾಸ್ಟೆಲಿಗೆ ಲೆಕ್ಕ ಹಾಕಿದ್ದು ವಾಸದ ಮನೆಗಳ ರೇಖೆಯಿಂದ. ಹತ್ತು ಮಹಡಿ, ಮಲಗುವ ಕೋಣೆಗಳು, ಬಚ್ಚಲುಗಳು. ನಕ್ಷೆಯಲ್ಲಿ ಅದು ಅಪಾರ್ಟ್‌ಮೆಂಟಿನ ಹಾಗೇ ಕಾಣುತ್ತಿತ್ತು. ಅಲ್ಲಿ ಬೆಲ್ಲು ಹೊಡೆಯುತ್ತದೆ ಎಂದು ಯಾವ ನಕ್ಷೆಯಲ್ಲೂ ಬರೆದಿರುವುದಿಲ್ಲ. ನಾನೂ ಕೇಳಲಿಲ್ಲ. ಯಾರನ್ನು ಕೇಳಬೇಕಿತ್ತೋ ಅವಳು ನನ್ನ ಎದುರಿಗೇ ಕೂತು ದಿನಾ ಬ್ರೆಡ್ಡು ತಿನ್ನುತ್ತಿದ್ದಳು.

ಪ್ಲೇಟು ಸರಿಸಿ, ಅಲ್ಲೇ ಮೇಜಿನ ಮೇಲೆ ಲೆಕ್ಕಕ್ಕೆ ಕೂತೆ. ಕಟ್ಟಡದ ಒಂದೊಂದು ಬದಿಗೆ ಅರವತ್ತು ಬಚ್ಚಲು. ಎರಡೂ ಬದಿಗೆ ತಾರಸಿಯ ತೊಟ್ಟಿಯಿಂದ ಒಂದೊಂದು ಎಂಬತ್ತು ಮಿಲಿಮೀಟರ್ ಪೈಪು. ಅದು ತಾರಸಿಯ ಉದ್ದಕ್ಕೂ ಹೋಗಿ, ಕಟ್ಟಡದ ಗೋಡೆಗಳ ನಡುವಿನ ಕೊಳವೆಗೂಡಿಗೆ ಇಳಿಯುತ್ತದೆ. ತೊಟ್ಟಿಯ ನೀರು ಹತ್ತನೇ ಮಹಡಿಯ ನಲ್ಲಿಗಿಂತ ಬರೀ ನಾಲ್ಕು ಮೀಟರ್ ಎತ್ತರದಲ್ಲಿದೆ. ಅಷ್ಟೇ ಅದರ ಶಕ್ತಿ. ಸೆಕೆಂಡಿಗೆ ಆರು ಲೀಟರ್ ಹರಿದರೆ ದಾರಿಯ ತಿಕ್ಕಾಟಕ್ಕೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಕಳೆಯುತ್ತದೆ, ಮಿಕ್ಕಿದ್ದು ನಲ್ಲಿಗೆ. ಅರವತ್ತು ಷವರ್ ಒಟ್ಟಿಗೆ ತೆರೆದರೆ ಹನ್ನೆರಡು ಲೀಟರ್. ನೀರು ಎರಡು ಪಟ್ಟಾದರೆ ತಿಕ್ಕಾಟ ನಾಲ್ಕು ಪಟ್ಟು. ಆಗ ನಾಲ್ಕಕ್ಕೆ ನಾಲ್ಕೂ ಮೀಟರ್ ದಾರಿಯಲ್ಲೇ ಖರ್ಚಾಗಿ, ಹತ್ತನೇ ಮಹಡಿಗೆ ಸೊನ್ನೆ ಉಳಿಯುತ್ತದೆ. ಮೂರು ಸಲ ಮಾಡಿದೆ. ಮೂರು ಸಲವೂ ಸೊನ್ನೆ.

"ಏನಾಯ್ತೇ? ಮುಖ ಯಾಕೆ ಹಾಗೆ ಮಾಡ್ಕೊಂಡೆ?" ಎಂದಳು ತಂಗಿ.

"ನಾಳೆ ಬೆಳಿಗ್ಗೆ ತಾರಸಿಗೆ ಕಾಂಕ್ರೀಟ್ ಹಾಕ್ತಾರೆ," ಎಂದೆ. "ಆ ಪೈಪು ಅದರ ಅಡಿಗೆ ಹೋಗುತ್ತೆ. ಆಮೇಲೆ ಯಾರೂ ಮುಟ್ಟಕ್ಕಾಗಲ್ಲ."

ಆಫೀಸಿಗೆ ಓಡಿದೆ. ನಮ್ಮ ಆಫೀಸಿನ ಯಜಮಾನರು ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು, ಹಾಗಾಗಿ ನನ್ನ ಬಾಯಲ್ಲಿ ಈಗಲೂ ಮೇಷ್ಟ್ರು. ಅವರ ಕುರ್ಚಿಯ ಹಿಂದೆ ಆ ರೇಖೆಗೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದಾರೆ, ಬೇರೆಯವರು ತಾತನ ಫೋಟೋ ಹಾಕುವ ಜಾಗದಲ್ಲಿ. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ಒರೆಸಿಕೊಂಡರು.

"ಊರಿನೋರೆಲ್ಲ ಒಟ್ಟಿಗೆ ಸೀನಿದ್ರೆ ಸೂರು ಹಾರ್ಹೋಗುತ್ತೆ. ಅದಕ್ಕೇಂತ ಸೂರಿಗೆ ಹಗ್ಗ ಕಟ್ಟಿಸ್ತೀಯಾ? ರೇಖೆಯಲ್ಲೇ ಸಾಕಷ್ಟು ಹೆಚ್ಚುವರಿ ಇದೆಯಮ್ಮ. ನಿನಗೆ ಭಯ ಜಾಸ್ತಿಯಾಗಿದೆ."

"ಹಾಗಾದ್ರೆ ಇವತ್ತೇ ಅರವತ್ತೂ ತೆರೆದು ನೋಡ್ತೀನಿ."

"ನೋಡ್ಕೋ. ಆದ್ರೆ ನೀರು ಬಂದ್ರೆ ಸಾಯಂಕಾಲ ನಂಗೆ ಟೀ ಕೊಡಿಸ್ಬೇಕು," ಎಂದು ಫೈಲು ತೆರೆದರು. ನನಗೆ ರೇಗಿತು, ಸಮಾಧಾನವೂ ಆಯಿತು. ಅವರು ಇಷ್ಟು ನಿರಾಳವಾಗಿದ್ದಾರೆಂದರೆ ನಾನೇ ಎಲ್ಲೋ ಎಡವಿದ್ದೇನೇನೋ ಎಂಬ ಆಸೆ.

ನಿಜವಾದ ಕಷ್ಟ ಸೈಟಿನಲ್ಲಿತ್ತು. ಅರವತ್ತು ನಲ್ಲಿ ಒಟ್ಟಿಗೆ ತೆರೆಯಲು ಅರವತ್ತು ಜನ ಬೇಕು, ಅವರನ್ನು ಸೇರಿಸಬಲ್ಲವನು ಪೈಪಿನ ಮೇಸ್ತ್ರಿ ಒಬ್ಬನೇ. ಆ ಮೇಸ್ತ್ರಿಗೆ ನಾನು ಯಾವ ಮುಖ ಇಟ್ಟುಕೊಂಡು ಕೇಳಲಿ?

ಏಳು ತಿಂಗಳ ಹಿಂದೆ, ತಾರಸಿಯಲ್ಲಿ ಪೈಪು ಇಳಿಸುವಾಗ, ಅವನು ಮೆಲ್ಲಗೆ ಹೇಳಿದ್ದ: "ಇದು ಸಣ್ಣದಾಯ್ತು ಅನ್ಸುತ್ತೆ. ಇಷ್ಟು ಜನ ಒಟ್ಟಿಗೆ ಎದ್ರೆ ಸಾಲಲ್ಲ." ಆ ದಿನ ಬಿಸಿಲು, ಧೂಳು, ಮೇಲಾಗಿ ಸಾಮಾನು ತಡವಾಗಿತ್ತು. ನನಗೆ ಕೋಪ ಯಾವತ್ತೂ ಮೂಗಿನ ತುದಿಯಲ್ಲೇ. ಇಪ್ಪತ್ತು ಆಳುಗಳ ಎದುರಿಗೆ ಅಂದುಬಿಟ್ಟೆ: "ಪೈಪು ಹೊರೋರು ಪೈಪು ಹೊರಲಿ. ಲೆಕ್ಕ ಬರೋರು ಲೆಕ್ಕ ಹಾಕ್ತಾರೆ." ಯಾರೋ ಕಿಸಕ್ಕೆಂದರು. ಮೇಸ್ತ್ರಿ ಪೈಪಿಗೆ ಹೆಗಲು ಕೊಟ್ಟ. ಹದಿನಾಲ್ಕು ವರ್ಷ ನನ್ನ ಜೊತೆ ಕೆಲಸ ಮಾಡಿದವನು, ನನಗಿಂತ ಹತ್ತು ವರ್ಷ ದೊಡ್ಡವನು. ಅವತ್ತಿನಿಂದ ಕೇಳಿದ್ದಕ್ಕೆ ಉತ್ತರ, ಹೇಳಿದ್ದಕ್ಕೆ "ಆಯ್ತು ಮೇಡಂ", ಅದರಾಚೆ ಒಂದು ಮಾತಿಲ್ಲ. ನಾನು ಅದನ್ನು ಶಿಸ್ತು ಎಂದುಕೊಂಡು ಒಳಗೊಳಗೇ ಖುಷಿಪಟ್ಟಿದ್ದೆ.

ನಾನು ಹೋದಾಗ ಒತ್ತಡದ ಪರೀಕ್ಷೆ ಮುಗಿದಿತ್ತು. ಎಲ್ಲ ನಲ್ಲಿ ಮುಚ್ಚಿ, ಪೈಪಿನೊಳಗೆ ನೀರು ಒತ್ತಿದ್ದರು, ಎರಡು ಗಂಟೆ ಮಾಪಕದ ಸೂಜಿ ಅಲ್ಲಾಡದೆ ನಿಂತಿತ್ತು. ಎಲ್ಲಿಯೂ ಸೋರಿಕೆ ಇಲ್ಲ. ಕಾಂಟ್ರಾಕ್ಟರ್ ಕಡೆಯವರು ಸೂಜಿಯ ಫೋಟೋ ತೆಗೆದುಕೊಳ್ಳುತ್ತಿದ್ದರು. ಆದರೆ ಮುಚ್ಚಿದ ನಲ್ಲಿಯ ಮುಂದೆ ಎಂಥ ಸಣ್ಣ ಪೈಪೂ ಪಾಸಾಗುತ್ತದೆ. ನೀರು ಹರಿಯುವಾಗ ತಾನೇ ಬಣ್ಣ ಬಯಲಾಗುವುದು. ಅದು ಅಲ್ಲಿ ಗೊತ್ತಿದ್ದದ್ದು ನನಗೆ, ಮತ್ತು ಮೂಲೆಯಲ್ಲಿ ಸ್ಪ್ಯಾನರ್ ಒರೆಸುತ್ತ ಕೂತಿದ್ದ ಮೇಸ್ತ್ರಿಗೆ.

"ಅರವತ್ತು ನಲ್ಲಿ ಒಟ್ಟಿಗೆ ತೆರೀಬೇಕು," ಎಂದೆ. "ಜನ ಸಿಗ್ತಾರಾ?"

ಯಾಕೆ ಎಂದು ಅವನು ಕೇಳುತ್ತಾನೆ, ಕೇಳಿದರೆ ಏನು ಹೇಳಲಿ ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವನು ಕೇಳಲಿಲ್ಲ. "ಆಯ್ತು ಮೇಡಂ," ಎಂದು ಎದ್ದ. ಕೇಳಿದ್ದರೇ ಚೆನ್ನಾಗಿತ್ತು.

ಬಣ್ಣದವರು, ಬಡಗಿಗಳು, ಟೈಲ್ಸ್‌ನವರು, ವೈರಿಂಗ್‌ನವರು, ಎಲ್ಲರನ್ನೂ ಅವನು ಬಚ್ಚಲಿಗೊಬ್ಬರಂತೆ ನಿಲ್ಲಿಸುವಷ್ಟರಲ್ಲಿ ಸಂಜೆ ನಾಲ್ಕು ದಾಟಿತ್ತು. ತನ್ನ ಕೋಣೆ ನೋಡಲು ಬಂದಿದ್ದ ತಂಗಿಯೂ ಸೆರಗು ಸಿಕ್ಕಿಸಿಕೊಂಡು ಒಂಬತ್ತನೇ ಮಹಡಿಗೆ ನಿಂತಳು. "ನನ್ನ ಹಾಸ್ಟೆಲ್ಲು, ನನ್ನ ಪರೀಕ್ಷೆ," ಎಂದಳು. ಮೇಸ್ತ್ರಿ ತಾರಸಿಯಿಂದ ಪೈಪಿಗೆ ಸ್ಪ್ಯಾನರಿನಿಂದ ಮೂರು ಸಲ ಬಡಿಯುತ್ತಾನೆ. ಆ ಸದ್ದು ಪೈಪಿನಲ್ಲೇ ಹತ್ತೂ ಮಹಡಿಗೆ ಇಳಿಯುತ್ತದೆ. ಕೇಳಿದ ಕೂಡಲೇ ತೆರೆಯಬೇಕು. ನಾನು ಹತ್ತನೇ ಮಹಡಿಯ ಕೊನೆಯ ಬಚ್ಚಲಲ್ಲಿ ನಿಂತೆ. ನೀರು ಬರಲಿ, ಮೇಷ್ಟ್ರಿಗೆ ಟೀ ಏನು, ಊಟವನ್ನೇ ಕೊಡಿಸುತ್ತೇನೆ, ಎಂದು ಮನಸ್ಸಿನಲ್ಲೇ ಗೋಗರೆದೆ.

ಟಣ್, ಟಣ್, ಟಣ್.

ಷವರ್ ತೆರೆದೆ. ನೀರು ಭೋರೆಂದು ಬಂತು. ಎರಡು ಸೆಕೆಂಡ್, ಮೂರು ಸೆಕೆಂಡ್. ನಾನು ಉಸಿರು ಬಿಟ್ಟೆ. ಆಮೇಲೆ ಅದು ಸೊರಗಿತು, ದಾರದಷ್ಟಾಯಿತು, ಹನಿಯಾಯಿತು, ನಿಂತಿತು.

ಬರೀ ನಿಂತಿದ್ದರೆ ಹೋಗಲಿ ಎನ್ನಬಹುದಿತ್ತು. ಷವರಿನ ತೂತುಗಳಿಂದ ಸುಯ್ ಎಂದು ಸಣ್ಣ ಸದ್ದು ಕೇಳಿತು. ಕೈ ಹಿಡಿದು ನೋಡಿದೆ. ಗಾಳಿ ಹೊರಗೆ ಬರುತ್ತಿರಲಿಲ್ಲ, ಒಳಗೆ ಹೋಗುತ್ತಿತ್ತು. ಕೆಳಗಿನ ಮಹಡಿಗಳು ಅಷ್ಟು ಜೋರಾಗಿ ಎಳೆಯುತ್ತಿದ್ದವು, ಪೈಪು ಮೇಲಿನಿಂದ ಸಿಕ್ಕಿದ್ದನ್ನೆಲ್ಲ ಕುಡಿಯುತ್ತಿತ್ತು.

ಬರುವಾಗ ಪಕ್ಕದ ಬಚ್ಚಲಲ್ಲಿ ಕಂಡಿದ್ದ ಡ್ರಮ್ಮು ತಟ್ಟನೆ ನೆನಪಾಗಿ ಅಲ್ಲಿಗೆ ನುಗ್ಗಿದೆ. ಅಲ್ಲಿದ್ದ ಟೈಲ್ಸ್‌ನವನು ನಲ್ಲಿಗೆ ಒಂದು ಹಸಿರು ಹೋಸ್ ಸಿಕ್ಕಿಸಿ, ತುದಿಯನ್ನು ಡ್ರಮ್ಮಿನೊಳಗೆ ಇಳಿಬಿಟ್ಟು, ನಲ್ಲಿ ತೆರೆದು, ಹೇಳಿದ್ದನ್ನು ಮಾಡಿದೆ ಎಂಬಂತೆ ನಿಂತಿದ್ದ. ಡ್ರಮ್ಮಿನಲ್ಲಿದ್ದದ್ದು ಟೈಲ್ಸ್ ಉಜ್ಜುವ ಆಸಿಡ್ ಬೆರೆಸಿದ ನೀರು. ನನ್ನ ಕಣ್ಣೆದುರಿಗೇ ಅದರ ಮಟ್ಟ ಇಳಿಯುತ್ತಿತ್ತು.

ಹೋಸ್ ಕಿತ್ತೆಸೆದು ಮೆಟ್ಟಿಲಿಗೆ ಓಡಿದೆ. "ಮುಟ್ಟಬೇಡಿ! ನೀರು ಮುಟ್ಟಬೇಡಿ! ನಲ್ಲಿ ಮುಚ್ಚಿ!" ನನ್ನ ದನಿ ನನಗೇ ಗುರುತಾಗಲಿಲ್ಲ. ಒಂಬತ್ತನೇ ಮಹಡಿಯಲ್ಲಿ ತಂಗಿ ಬೇಸಿನ್ನಿನ ಮುಂದೆ ಎರಡೂ ಕೈ ದೂರ ಹಿಡಿದುಕೊಂಡು ನಿಂತಿದ್ದಳು.

"ಸೆಖೆ ಅಂತ ಮುಖ ತೊಳೆಯಕ್ಕೆ ಬೊಗಸೆ ಹಿಡಿದೆ," ಎಂದಳು. "ವಾಸನೆ ಬಂತು. ಬಿಟ್ಟೆ. ಕೈ ಉರೀತಿದೆ ಅಕ್ಕ."

ವಾಸನೆ ಹಿಡಿದದ್ದು ನರ್ಸಿನ ಮೂಗು. ಹುಡುಗಿಯರು ನಿದ್ದೆಗಣ್ಣಿನಲ್ಲಿ ಇದನ್ನೇ ಕಣ್ಣಿಗೆ ಎರಚಿಕೊಳ್ಳುತ್ತಿದ್ದರು. ಕುಡಿಯುವ ನೀರಿನ ಕ್ಯಾನು ತಂದು ಅವಳ ಕೈಮೇಲೆ ಪೂರ್ತಿ ಸುರಿದೆ. ಅವಳ ಬೆರಳುಗಳ ಸಂದು ಕೆಂಪಾಗಿತ್ತು, ಅಷ್ಟೇ.

ಅಷ್ಟರಲ್ಲಿ ಮೇಸ್ತ್ರಿ ಇಳಿದು ಬಂದ, ಹಿಂದೆಯೇ ಜನರೆಲ್ಲ ಬಂದು ಮೆಟ್ಟಿಲು ತುಂಬಿದರು. ಅವನೊಬ್ಬನನ್ನೇ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳೋಣ ಎಂದು ಮನಸ್ಸು ಹೊಂಚು ಹಾಕಿತು. ಬೈದದ್ದು ಎಲ್ಲರ ಎದುರಿಗೆ, ಇದೂ ಎಲ್ಲರ ಎದುರಿಗೇ ಆಗಲಿ ಎಂದುಕೊಂಡೆ.

"ಪೈಪು ಸಣ್ಣದು," ಎಂದೆ. "ನೀವು ಅವತ್ತು ಹೇಳಿದ್ದು ಸರಿ. ನಾನು ಹಾಕಿದ್ದು ತಪ್ಪು ಲೆಕ್ಕ. ನಿಮ್ಮನ್ನ ಅಂದಿದ್ದೂ ತಪ್ಪು. ನಾಳೆ ಕಾಂಕ್ರೀಟ್ ಹಾಕೋದು ಬೇಡ. ತಾರಸೀದು, ಮೇಲಿನ ಮೂರು ಮಹಡೀದು ಬಿಚ್ಚಿ ನೂರು ಮಿಲಿಮೀಟರ್ ಹಾಕೋಣ. ಕಾಗದ ನಾನು ಬರೀತೀನಿ, ನನ್ನ ತಪ್ಪು ಅಂತಾನೇ ಬರೀತೀನಿ."

ಯಾರೂ ಕಿಸಕ್ಕೆನ್ನಲಿಲ್ಲ. ಮೇಸ್ತ್ರಿ ನೆಲ ನೋಡುತ್ತ ನಿಂತಿದ್ದ. ಎದೆಯ ಭಾರ ಇಳಿದಂತಾಯಿತು. ಒಂದು ಅರ್ಧ ನಿಮಿಷ, ಅಷ್ಟೇ.

"ಸ್ಪೋರ್ಟ್ಸ್ ಸ್ಕೂಲ್ ಹಾಸ್ಟೆಲ್ ಇದೆಯಲ್ಲ, ಎಂಟು ಮಹಡೀದು," ಎಂದ ಅವನು. "ಹೋದ ವರ್ಷ ಮುಗಿಸಿದ್ವಿ. ಅದಕ್ಕೂ ಇದೇ ಲೆಕ್ಕಾನಾ?"

ಇದೇ ಲೆಕ್ಕ. ಇದೇ ರೇಖೆ.

"ಮೇಲಿನ ಮಹಡೀಲಿ ನೀರು ನಿಂತು ನಿಂತು ಬರುತ್ತೆ ಅಂತ ಅಲ್ಲಿಂದ ನಂಗೆ ಎರಡು ಸಲ ಫೋನ್ ಬಂದಿತ್ತು. ಒಂದ್ಸಲ ನೀರಲ್ಲಿ ಸೋಪಿನ ನೊರೆ ಬಂತು ಅಂದ್ರು. ಹೋಗಿ ವಾಲ್ವ್ ಬಿಚ್ಚಿ ತೊಳೆದು ಬಂದೆ."

"ಯಾವಾಗ?"

"ನಾಲ್ಕೈದು ತಿಂಗಳಾಯ್ತು."

"ನಂಗ್ಯಾಕೆ ಹೇಳ್ಲಿಲ್ಲ?" ಎಂದೆ. ಕೇಳಿದ ಮೇಲೆ ನನಗೇ ಉತ್ತರ ಗೊತ್ತಾಯಿತು.

ಮೇಸ್ತ್ರಿ ಮೊದಲ ಸಲ ನನ್ನ ಮುಖ ನೋಡಿದ. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಹೇಳ್ಬೇಕಿತ್ತು," ಎಂದ. "ಲೆಕ್ಕ ನಮ್ಮದಲ್ಲವಲ್ಲ ಅಂತ ಸುಮ್ಮನಾದೆ."

"ಮೇಲಿನ ಮಹಡೀಲಿ ಯಾರಿರ್ತಾರೆ?"

"ಪುಟ್ಟ ಮಕ್ಕಳು. ದೊಡ್ಡವರೆಲ್ಲ ಕೆಳಗೆ. ಸಾಯಂಕಾಲ ಐದಕ್ಕೆ ಸೀಟಿ ಊದಿ ಆಟ ನಿಲ್ಲಿಸ್ತಾರೆ, ಎಲ್ರೂ ಒಟ್ಟಿಗೆ ಸ್ನಾನಕ್ಕೆ ಓಡ್ತಾರೆ. ಅದೇ ಹೊತ್ತಿಗೆ ಕೆಲಸದವರು ಮೇಲೆ ಬಕೆಟ್ಟಿಗೆ ಹೋಸ್ ಬಿಟ್ಟು, ಫಿನಾಯಿಲ್ ಹಾಕಿ ನೆಲ ತೊಳೀತಿರ್ತಾರೆ."

ತಂಗಿ ಗಡಿಯಾರ ನೋಡಿದಳು. ಐದಕ್ಕೆ ಹನ್ನೆರಡು ನಿಮಿಷವಿತ್ತು. ಮೇಸ್ತ್ರಿ ಫೋನಿನಲ್ಲಿ ಆ ಹಾಸ್ಟೆಲಿನ ನಂಬರು ಹುಡುಕಿ ನನ್ನ ಕೈಗಿಟ್ಟ. ಅತ್ತ ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಕಿವಿಗೆ ಫೋನು ಒತ್ತಿಕೊಂಡೇ ನಾನು ಮೆಟ್ಟಿಲಿಳಿದು ಓಡತೊಡಗಿದೆ.