ಅಪ್ಪನ ಬಿ.ಎಸ್ಸಿ.

ನಮ್ಮ ಕಡೆ ಮದುವೆ ಕಾರ್ಡಿನಲ್ಲಿ ಹೆಸರಿನ ಮುಂದೆ ಡಿಗ್ರಿ ಇಲ್ಲದಿದ್ದರೆ ಉಪ್ಪಿಲ್ಲದ ಊಟದ ಹಾಗೆ. ನಮ್ಮಪ್ಪನ ಹೆಸರಂತೂ ಇಪ್ಪತ್ತೆರಡು ವರ್ಷಗಳಿಂದ ‘ಕೊಂಡಪ್ಪ, ಬಿ.ಎಸ್ಸಿ.’ ಎಂದೇ ಅಚ್ಚಾಗುತ್ತಿತ್ತು. ತಮಿಳುನಾಡಿನ ಗಡಿಯೊಳಗಿರುವ ನಮ್ಮ ಕೆಲಮಂಗಲದ ಸುತ್ತ ಯಾರ ಮನೆಯ ಫ್ಲೆಕ್ಸಿನಲ್ಲಾದರೂ ಬಿ.ಎಸ್ಸಿ. ಬಿಟ್ಟುಹೋದರೆ ಅಪ್ಪ ಆ ಮನೆಯಲ್ಲಿ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿರಲಿಲ್ಲ.

ಈ ವರ್ಷ ನನಗೆ ಚೆನ್ನೈನ ಸರ್ಕಾರಿ ಕಾಲೇಜಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಹತ್ತನೆಯ ತರಗತಿಯಿಂದ ನಾನು ಬೇರೇನನ್ನೂ ಬಯಸಿದವಳಲ್ಲ. ಮನೆಯಲ್ಲಿ ಮೊದಲ ಪದವೀಧರರಾಗುವವರಿಗೆ, ಹಾಗೆಂದು ಸರ್ಟಿಫಿಕೇಟು ತಂದರೆ, ಇಲ್ಲಿ ಬೋಧನಾ ಶುಲ್ಕ ಮಾಫಿ. ಅದಿಲ್ಲದೆ ಟೊಮೇಟೊ ಬೆಳೆದು ಓದಿಸುವುದು ಅಪ್ಪನ ಕೈಲಾಗದು. ಅಪ್ಪನೇ ಬಿ.ಎಸ್ಸಿ., ನಮಗೆಲ್ಲಿ ಬಂತು ಆ ಸರ್ಟಿಫಿಕೇಟು ಎಂದು ನಾನು ಕೂತಿದ್ದರೆ, ಅರ್ಜಿ ಹಾಕು ಅಂದರು ಅಪ್ಪ, ನೆಲ ನೋಡುತ್ತಾ. ಕೊನೆಯ ವರ್ಷ ಕೆಮಿಸ್ಟ್ರಿಯಲ್ಲಿ ಫೇಲಾದವರು ಮತ್ತೆ ಪರೀಕ್ಷೆ ಕಟ್ಟಲೇ ಇಲ್ಲವಂತೆ.

ಗ್ರಾಮ ಆಡಳಿತಾಧಿಕಾರಿ ಮುರುಗೇಶ್ ವಿಚಾರಣೆಗೆ ಬಂದಾಗ ನಾವು ತೋಟದಲ್ಲಿದ್ದೆವು. ಪಕ್ಕದ ಮನೆಯ ಮುನಿಶಾಮಿ ಮಾವ, ನಮಗೆ ಒಳ್ಳೆಯದಾಗಲೆಂದು, ಊರಿನ ಮೊಟ್ಟಮೊದಲ ಪದವೀಧರ ಕೊಂಡಪ್ಪನೇ ಎಂದು ತಮಿಳಿನಲ್ಲಿ ಹೊಗಳಿ, ಸಾಕ್ಷಿಗೆ ನಾಲ್ಕು ಮದುವೆ ಕಾರ್ಡನ್ನೂ ತೋರಿಸಿದ್ದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಅರ್ಜಿ ವಜಾ ಮಾಡುತ್ತೇನೆ ಎಂದು ಮುರುಗೇಶ್ ಫೋನಿನಲ್ಲಿ ಹೇಳಿದರು. ಕಾಲೇಜು ಸೇರಲು ಮೂರೇ ದಿನ ಉಳಿದಿತ್ತು. ನಾನು ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಅಪ್ಪ ಮುರುಗೇಶರನ್ನು ಹಾಲಿನ ಡೈರಿಯ ಹತ್ತಿರ ಕರೆಸಿದರು. ಊರೆಲ್ಲ ಹಾಲು ಹಾಕಲು ಅಲ್ಲೇ ಸೇರಿತ್ತು. ಅಪ್ಪ ಹಳೆಯ ಅಂಕಪಟ್ಟಿ ತೆಗೆದರು.

“ನಾನು ಬಿಎಸ್ಸಿ ಪಾಸಾಗಿಲ್ಲ ಕಣ್ರಪ್ಪ. ಕೆಮಿಸ್ಟ್ರೀಲಿ ಹತ್ತೊಂಬತ್ತು ಬಂತು. ಕಾರ್ಡಲ್ಲಿ ಹಾಕ್ಸಿದ್ದೆಲ್ಲ ಸುಳ್ಳು.”

ಯಾರೂ ನಂಬಲಿಲ್ಲ. ಮಗಳಿಗೋಸ್ಕರ ಪುಣ್ಯಾತ್ಮ ಮರ್ಯಾದೆಯನ್ನೇ ಬಿಡುತ್ತಿದ್ದಾನೆ ಎಂದು ಮುನಿಶಾಮಿ ಮಾವ ಕಣ್ಣೊರೆಸಿಕೊಂಡರು. ಅಪ್ಪನಿಗೆ ರೇಗಿತು. ವಿಶ್ವವಿದ್ಯಾಲಯದ ಸೀಲು ತೋರಿಸಿ, ಹತ್ತೊಂಬತ್ತರ ಕೆಳಗೆ ಬೆರಳಿಟ್ಟು, ಒಬ್ಬೊಬ್ಬರಿಗೂ ಓದಿಸಿದರು. ಫೇಲಾದದ್ದಕ್ಕೆ ಇಷ್ಟು ರೋಷದಿಂದ ವಾದಿಸಿದವರನ್ನು ನಾನಂತೂ ಕಂಡಿಲ್ಲ. ಮುರುಗೇಶ್ ನಗು ತಡೆಯಲಾರದೆ ಅಂಕಪಟ್ಟಿಯ ಫೋಟೊ ತೆಗೆದುಕೊಂಡರು. ಸಂಜೆಗೆ ಸರ್ಟಿಫಿಕೇಟು ಬಂತು.

ಅದನ್ನು ಅಪ್ಪನ ಕೈಗೆ ಕೊಟ್ಟೆ. ಊರೆದುರು ತಲೆ ತಗ್ಗಿಸುವ ಹಾಗಾಯಿತಲ್ಲ ಎಂದು ನನಗೆ ಸಂಕಟ. ಅವರು ಮೂರು ಸಲ ಓದಿ, ಮೀಸೆಯ ಮೇಲೆ ಕೈಯಾಡಿಸಿದರು.

“ಅವತ್ತು ನಾನು ಪಾಸಾಗ್ಬುಟ್ಟಿದ್ರೆ ಇವತ್ತು ನೀನೆಲ್ಲಿ ಓದ್ತಿದ್ದೆ? ನಿಂಗೋಸ್ಕರಾನೇ ಫೇಲಾಗಿದ್ದೆ ಕಣಮ್ಮ.”