ಮೊಳೆಗೆ ಚುಚ್ಚಿದ ಚೀಟಿ

ಫ್ಯಾನಿನ ಗಾಳಿಗೆ ಮೊಳೆಗೆ ಚುಚ್ಚಿದ ಚೀಟಿಗಳು ಪಟಪಟ ಎನ್ನುತ್ತಿವೆ, ಎಲ್ಲಕ್ಕೂ ಒಟ್ಟಿಗೆ ಬಾಯಿ ಬಂದ ಹಾಗೆ, ಸುಮ್ಮನಿರ್ರಪ್ಪ, ಇನ್ಸ್‌ಪೆಕ್ಟರು ಕೂತಿದ್ದಾರೆ — ಕೌಂಟರಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹೆಂಗಸರ ಆಸರೆ ಮನೆಯ ಮೇಡಮ್ಮಿನ ಫೋನು, ಹೋದ ತಿಂಗಳು ನಾನೇ ಗಾಜು ಬದಲಾಯಿಸಿದ್ದು, ಮೂಲೆಯ ಗೀರೂ ನನ್ನದೇ. ಮೇಡಮ್ ಅಂತೂ ಪ್ಯಾಟರ್ನ್ ಹೇಳಲ್ಲ ಅಂದ್ರು, ಕಂಪನಿಯೋರೇ ಕೈ ಎತ್ಬಿಟ್ರು ಕಣಯ್ಯಾ, ಕೀ ಅವರ ಹತ್ರಾನೂ ಇಲ್ವಂತೆ, ಎನ್ನುತ್ತಾರೆ ಇನ್ಸ್‌ಪೆಕ್ಟರು, ಕೊನೆಗೊಂದು ಮೂಗಿನ ಹೂಂ, ಇವರ ಈ ಹೂಂ ನಾನು ಮಾಡಿ ತೋರಿಸಿದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮಾಡಿದವರಿಗೇ ಬಗ್ಗದ ಬೀಗ, ಅದರ ಕೀ ನನ್ನ ಮೊಳೆಯಲ್ಲಿ. ಗಾಜು ಹಾಕಿದ ಮೇಲೆ ಟಚ್ ನೋಡಬೇಕಲ್ಲ, ಗಿರಾಕಿ ಚೀಟಿಯಲ್ಲಿ ಪ್ಯಾಟರ್ನ್ ಬರೆದುಕೊಡುತ್ತಾರೆ, ಆಮೇಲೆ ಹರಿಯಬೇಕು, ನಾನು ಹರಿಯುವುದಿಲ್ಲ, ತಾವೇ ಮರೆತು ವಾಪಸ್ ಓಡಿ ಬರುತ್ತಾರೆ. ಮೇಡಮ್ಮಿನ ಚೀಟಿಯಲ್ಲಿ ಒಂಬತ್ತು ಚುಕ್ಕಿ, ನಡುವೆ ಬಾಲ್‌ಪೆನ್ನಿನ ಗೆರೆ: ಕೆಳಕ್ಕೆ, ಪಕ್ಕಕ್ಕೆ, ಮತ್ತೆ ಕೆಳಕ್ಕೆ — ಒಂಟಿ ಕಾಲಿನ ಕುರ್ಚಿ.

ಕುರ್ಚಿ. ಭಾವ ಎಸೆದ ಕುರ್ಚಿಯ ಕಾಲು ಮುರಿದಿತ್ತು, ಅಕ್ಕನ ಹುಬ್ಬಿಗೆ ನಾಲ್ಕು ಹೊಲಿಗೆ, ಮೇಡಮ್ ಏನೂ ಕೇಳಲಿಲ್ಲ, ಕುರ್ಚಿ ಎಳೆದು, ಕೂತ್ಕೋ ತಾಯಿ, ಮೊದಲು ಕೂತ್ಕೋ ಎಂದರು, ಭಾವನಿಗೆ ಸಿಗದ ಕಡೆ ಬಚ್ಚಿಟ್ಟರು, ಈಗ ಅಕ್ಕ ಎಲ್ಲಿದ್ದಾಳೋ ನನಗೂ ಗೊತ್ತಿಲ್ಲ, ಈ ಫೋನಿಗೆ ಗೊತ್ತು, ಅವಳಂಥ ಇನ್ನೂ ನಲವತ್ತು ಜನರ ವಿಳಾಸವೂ. ಯಾರೋ ಒಬ್ಬ ಹೆಂಡತಿ ಕಾಣೆ ಎಂದು ದೂರು ಕೊಟ್ಟಿದ್ದಾನೆ, ಒಂದೇ ನಂಬರ್ ಸಾಕಯ್ಯಾ, ಉಳಿದಿದ್ದು ನಾನು ಕಣ್ಣೆತ್ತಿಯೂ ನೋಡಲ್ಲ, ಎನ್ನುತ್ತಾರೆ — ಇವರು ನೋಡಲಿಕ್ಕಿಲ್ಲ, ಒಳ್ಳೆಯವರೇ, ಮಗಳ ಫೋನ್ ಇಲ್ಲಿಗೇ ತರುತ್ತಾರೆ, ಆದರೆ ಠಾಣೆಯ ಕಡತ ಬರೆಯುವ ರೈಟರು ಮತ್ತು ಭಾವ ದಿನಾ ಸಂಜೆ ಒಂದೇ ಕೇರಂ ಬೋರ್ಡಿನ ಎದುರುಬದುರು, ಒಬ್ಬಳಿಗೆಂದು ತೆಗೆದ ಬಾಗಿಲು ಉಳಿದವರಿಗೆ ಹೇಗೆ ಮುಚ್ಚಿಕೊಂಡೀತು. ಮನೆಗೆ ಹೋದ ತಕ್ಷಣ ಪ್ಯಾಟರ್ನ್ ಬದಲಾಯಿಸಿ ಎಂದಿದ್ದೆ ಮೇಡಮ್‌ಗೆ, ಯಾರು ಬದಲಾಯಿಸುತ್ತಾರೆ. ಹತ್ತು ಸಲ ತಪ್ಪಿದರೆ ಎಲ್ಲ ಅಳಿಸಿಹೋಗುವ ಹಾಗೆ ಸೆಟ್ ಮಾಡಿಕೊಟ್ಟವನೂ ನಾನೇ. ಒಂಬತ್ತು ಸಲ ನಮ್ಮೋರು ತಪ್ಪು ಹಾಕಿದ್ರು, ಒಂದೇ ಉಳಿದಿರೋದು, ಚೀಟಿ ಇದೆಯೇನಯ್ಯಾ. ಹುಡುಕ್ತೀನಿ ಸಾರ್, ನನ್ನದೇ ದನಿ, ಯಾರದನ್ನೋ ಅನುಕರಿಸಿದ ಹಾಗೆ ಕೇಳಿಸುತ್ತದೆ, ಬೆನ್ನು ತಿರುಗಿಸಿದೆ, ಕಿವಿಯ ಮೇಲಿನ ಪೆನ್ನು ಕೈಗೆ ಬಂತು, ಅಕ್ಕಾ, ಅಳಿಸಿಹೋದರೆ ನಿನ್ನ ಜಾಡು ನನಗೂ ತಪ್ಪುತ್ತದೆ, ನೀನಾಗಿಯೇ ಫೋನ್ ಮಾಡಬೇಕು, ಮಾಡುತ್ತೀಯಲ್ಲ — ಕೊನೆಯ ಚುಕ್ಕಿಯಿಂದ ಪಕ್ಕದ ಚುಕ್ಕಿಗೆ ಪುಟ್ಟ ಗೆರೆ, ಅಷ್ಟೇ, ಅಲುಗದ ಗೆರೆ.

ಕೊಟ್ಟೆ. ಅವರು ಚೀಟಿ ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಬೆರಳು ಗಾಜಿನ ಮೇಲೆ, ಕುರ್ಚಿಯ ಬೆನ್ನು ಇಳಿಯಿತು, ಆಸನ ದಾಟಿತು, ಕಾಲು ಇಳಿಯಿತು, ನಿಂತಿತು, ಈಗ ಪಾದ, ಒಂಟಿ ಕಾಲಿನ ಕುರ್ಚಿಗೆ ಒಂದು ಪಾದ